ಹುಬ್ಬಳ್ಳಿ–ಧಾರವಾಡದಲ್ಲಿ ಒಂದು ರಾತ್ರಿ: ಕೈಗೆಟಕುವ ಲಾಡ್ಜ್ ಹುಡುಕುವ ಬಗೆ

ಹುಬ್ಬಳ್ಳಿ–ಧಾರವಾಡಕ್ಕೆ ಬಂದು ಒಂದು ರಾತ್ರಿ ತಂಗುವವರೆಲ್ಲ ಊರು ನೋಡಲು ಬಂದವರಲ್ಲ. ಹಾವೇರಿ, ಗದಗ, ಕೊಪ್ಪಳದ ಕಡೆಯಿಂದ ಕಿಮ್ಸ್‌ಗೆ ರೋಗಿಯನ್ನು ಕರೆತಂದ ಮನೆಯವರಿರುತ್ತಾರೆ. ಕಾರವಾರದಿಂದಲೋ ಬಳ್ಳಾರಿಯಿಂದಲೋ ಹೈಕೋರ್ಟ್ ಕೇಸಿಗೆ ಬಂದವರಿರುತ್ತಾರೆ. ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕಾದ ಹುಡುಗ–ಹುಡುಗಿಯರು, ವಿಶ್ವವಿದ್ಯಾಲಯದಲ್ಲಿ ಕಾಗದಪತ್ರದ ಕೆಲಸ ಇಟ್ಟುಕೊಂಡವರು, ಅಂಗಡಿಗೆ ಮಾಲು ಖರೀದಿಸಲು ಬಂದ ವ್ಯಾಪಾರಿಗಳು, ನಡುರಾತ್ರಿ ರೈಲು ಬದಲಿಸಬೇಕಾದವರೂ ಇರುತ್ತಾರೆ. ಇವರಿಗೆ ಬೇಕಾದದ್ದು ಸ್ವಚ್ಛ ಹಾಸಿಗೆ, ಬೆಳಿಗ್ಗೆ ಬಿಸಿನೀರು, ಭದ್ರವಾದ ಚಿಲಕ, ಸರಿಯಾದ ಬಿಲ್ಲು. ಇಷ್ಟನ್ನು ಕಡಿಮೆ ಖರ್ಚಿನಲ್ಲಿ ಪಡೆಯಲು ಈ ಅವಳಿ ನಗರದಲ್ಲಿ ಸಾಧ್ಯವಿದೆ. ಆದರೆ ರಾತ್ರಿ ಹತ್ತು ಗಂಟೆಗೆ ಬ್ಯಾಗು ಹೊತ್ತು ಬೀದಿ ಬೀದಿ ಅಲೆಯುವವರಿಗಿಂತ, ಹೊರಡುವ ಮುನ್ನ ಹತ್ತು ನಿಮಿಷ ಯೋಚಿಸಿದವರಿಗೆ ಅದು ಸುಲಭವಾಗಿ ಸಿಗುತ್ತದೆ.

ಮೊದಲ ಪ್ರಶ್ನೆ: ನಾಳೆ ಬೆಳಗಿನ ಕೆಲಸ ಎಲ್ಲಿ?

ಹುಬ್ಬಳ್ಳಿ ಮತ್ತು ಧಾರವಾಡ 1962ರಲ್ಲಿ ಒಂದೇ ಮಹಾನಗರ ಪಾಲಿಕೆಯ ಕೆಳಗೆ ಬಂದವು. ಆದರೂ ಎರಡರ ನಡುವೆ ಸುಮಾರು 20 ಕಿಲೋಮೀಟರ್ ಅಂತರವಿದೆ. ಮೊಬೈಲ್‌ನಲ್ಲಿ ‘ಹುಬ್ಬಳ್ಳಿ–ಧಾರವಾಡ’ ಎಂದು ಹುಡುಕಿ ಕಣ್ಣಿಗೆ ಬಿದ್ದ ಅಗ್ಗದ ಕೋಣೆಯನ್ನು ಬುಕ್ ಮಾಡಿದರೆ ಕೆಲಸ ಒಂದು ಊರಲ್ಲಿ, ಹಾಸಿಗೆ ಇನ್ನೊಂದು ಊರಲ್ಲಿ ಆಗುವ ಸಂಭವವೇ ಹೆಚ್ಚು.

ಕಿಮ್ಸ್ ಇರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ. ಈಗ ಅದರ ಅಧಿಕೃತ ಹೆಸರು ಕರ್ನಾಟಕ ವೈದ್ಯಕೀಯ ಕಾಲೇಜು ಮತ್ತು ಸಂಶೋಧನಾ ಸಂಸ್ಥೆ. ಆದರೆ ಆಟೊದವರಿಗೂ ಬಸ್ ಕಂಡಕ್ಟರಿಗೂ ಅದು ಇಂದಿಗೂ ಕಿಮ್ಸ್ ದವಾಖಾನೆಯೇ. ಕ್ಯಾನ್ಸರ್ ಆಸ್ಪತ್ರೆ ಇರುವುದು ನವನಗರದಲ್ಲಿ, ಎರಡು ಊರುಗಳ ನಡುವೆ. ಎಸ್‌ಡಿಎಂ ಆಸ್ಪತ್ರೆ ಇರುವ ಸತ್ತೂರು ಧಾರವಾಡಕ್ಕೆ ಹತ್ತಿರ. ಕರ್ನಾಟಕ ವಿಶ್ವವಿದ್ಯಾಲಯ, ಕೃಷಿ ವಿಶ್ವವಿದ್ಯಾಲಯ, ಜಿಲ್ಲಾಧಿಕಾರಿ ಕಚೇರಿ ಮೂರೂ ಧಾರವಾಡದಲ್ಲಿವೆ. ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ, ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ, ಸಗಟು ಪೇಟೆಗಳು ಹುಬ್ಬಳ್ಳಿಯಲ್ಲಿವೆ.

ಹೈಕೋರ್ಟಿಗೆ ಬರುವವರು ಇನ್ನೊಂದು ಮಾತು ತಿಳಿದಿರಬೇಕು. 2008ರ ಜುಲೈಯಲ್ಲಿ ಸಂಚಾರಿ ಪೀಠವಾಗಿ ಆರಂಭಗೊಂಡು 2013ರ ಆಗಸ್ಟ್‌ನಲ್ಲಿ ಕಾಯಂ ಆದ ಧಾರವಾಡ ಪೀಠ ಇರುವುದು ಊರೊಳಗಲ್ಲ. ಬೆಳಗಾವಿ ದಿಕ್ಕಿಗೆ ಹೆದ್ದಾರಿಯ ಮೇಲೆ, ಬೇಲೂರು ಕೈಗಾರಿಕಾ ಪ್ರದೇಶದ ಹತ್ತಿರ ಅದರ ಕಟ್ಟಡವಿದೆ. ಕೋರ್ಟ್ ಸರ್ಕಲ್ ಹತ್ತಿರ ಕೋಣೆ ಹಿಡಿದರೆ ಹೈಕೋರ್ಟಿಗೆ ನಡೆದು ಹೋಗಬಹುದೆಂದು ಯಾರೂ ಭಾವಿಸಬಾರದು. ಕೋಣೆ ಧಾರವಾಡದಲ್ಲೇ ಇರಲಿ, ಆದರೆ ಬೆಳಿಗ್ಗೆ ಬಸ್ಸಿಗೋ ಆಟೊಕ್ಕೋ ಅರ್ಧ ತಾಸು ಹೆಚ್ಚು ಇಟ್ಟುಕೊಳ್ಳಿ.

ಈ ಎರಡು ಊರುಗಳನ್ನು ಜೋಡಿಸುವ ಚಿಗರಿ ಬಸ್ಸುಗಳು ಬಡವರಿಗೂ ಮಧ್ಯಮ ವರ್ಗದವರಿಗೂ ದೊಡ್ಡ ಅನುಕೂಲ. 2018ರ ಅಕ್ಟೋಬರ್‌ನಲ್ಲಿ ಓಡಾಟ ಶುರುಮಾಡಿದ ಈ ಬಸ್ಸುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ. ಹುಬ್ಬಳ್ಳಿ ರೈಲು ನಿಲ್ದಾಣದ ಕಡೆಯಿಂದ ಹೊಸೂರು, ಕಿಮ್ಸ್, ಬಿವಿಬಿ ಕಾಲೇಜು, ಉಣಕಲ್, ನವನಗರ, ರಾಯಾಪುರ, ಸತ್ತೂರು, ಟೋಲ್ ನಾಕಾ ದಾಟಿ ಅವು ಧಾರವಾಡದ ಜುಬಿಲಿ ಸರ್ಕಲ್ ಸೇರುತ್ತವೆ. ಲಾಡ್ಜ್ ಈ ದಾರಿಯ ಯಾವುದಾದರೂ ನಿಲ್ದಾಣದಿಂದ ನಡೆದು ಹೋಗುವಷ್ಟು ಹತ್ತಿರವಿದ್ದರೆ ಬೆಳಗಿನ ಆಟೊ ಖರ್ಚು ಉಳಿಯುತ್ತದೆ. ರಾತ್ರಿ ತಡವಾದ ಮೇಲೆ ಚಿಗರಿ ಸಿಗುವುದಿಲ್ಲ. ಕೊನೆಯ ಬಸ್ಸಿನ ಸಮಯವನ್ನು ನಿಲ್ದಾಣದ ಕೌಂಟರಿನಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ.

ಲೆಕ್ಕ ಹೀಗೆ ಹಾಕಿ. ಕೆಲಸದ ಜಾಗದ ಹತ್ತಿರದ ಕೋಣೆಗೆ 900 ರೂಪಾಯಿ, ದೂರದ ಬಡಾವಣೆಯ ಕೋಣೆಗೆ 650 ರೂಪಾಯಿ ಎಂದುಕೊಳ್ಳೋಣ. 250 ರೂಪಾಯಿ ಉಳಿಯಿತು ಅನಿಸುತ್ತದೆ. ರಾತ್ರಿ ಹೋಗುವಾಗ 150, ಬೆಳಿಗ್ಗೆ ಬರುವಾಗ 150 ಆಟೊಕ್ಕೆ ಕೊಟ್ಟರೆ ಅಗ್ಗದ ಕೋಣೆಯೇ 50 ರೂಪಾಯಿ ತುಟ್ಟಿಯಾಯಿತು. ಬಾಡಿಗೆಯೊಂದನ್ನೇ ಹೋಲಿಸದೆ ಬಾಡಿಗೆ, ತೆರಿಗೆ, ಓಡಾಟ ಮೂರನ್ನೂ ಕೂಡಿಸಿ ಹೋಲಿಸಿ.

ಯಾವ ಭಾಗದಲ್ಲಿ ಹುಡುಕಬೇಕು?

ಹುಬ್ಬಳ್ಳಿಯಲ್ಲಿ ಹಳೆಯ ಲಾಡ್ಜುಗಳು ಸಾಲುಗಟ್ಟಿರುವುದು ಸ್ಟೇಷನ್ ರೋಡ್, ಲ್ಯಾಮಿಂಗ್ಟನ್ ರೋಡ್, ಕೊಪ್ಪೀಕರ್ ರೋಡ್, ಚೆನ್ನಮ್ಮ ಸರ್ಕಲ್ ಸುತ್ತಮುತ್ತ. ಸಾವಿರ ರೂಪಾಯಿಯೊಳಗಿನ ನಾನ್ ಎಸಿ ಕೋಣೆ ಬೇಕಾದವರು ಮೊದಲು ಹುಡುಕಬೇಕಾದದ್ದು ಇಲ್ಲೇ. ರೈಲು, ನಗರ ಸಾರಿಗೆ, ಖಾನಾವಳಿ, ಔಷಧ ಅಂಗಡಿ ಎಲ್ಲವೂ ಕೈಯಳತೆಯಲ್ಲಿವೆ. ಕೊರತೆ ಎಂದರೆ ಸದ್ದು. ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ನಸುಕಿನಿಂದಲೇ ಹಾರ್ನ್ ಕೇಳಿಸುತ್ತದೆ. ‘ಹಿಂದಿನ ಸಾಲಿನ ರೂಮ್ ಕೊಡ್ರಿ’ ಎಂದು ಕೇಳಿದರೆ ಅದೇ ಬಾಡಿಗೆಗೆ ಒಳ್ಳೆಯ ನಿದ್ದೆ ಸಿಗುತ್ತದೆ. ಗೋಕುಲ ರಸ್ತೆಯಲ್ಲಿ ಹೊಸ ಬಸ್ ನಿಲ್ದಾಣವಿದೆ, ಮುಂದಕ್ಕೆ ಹೋದರೆ ವಿಮಾನ ನಿಲ್ದಾಣವಿದೆ. ಇಲ್ಲಿ ಹೊಸ ಕಟ್ಟಡಗಳು ಹೆಚ್ಚು, ವಾಹನ ನಿಲ್ಲಿಸಲು ಜಾಗವೂ ಸಿಗುತ್ತದೆ, ಬಾಡಿಗೆ ಮಾತ್ರ ಸ್ವಲ್ಪ ಮೇಲೆ. ಆಸ್ಪತ್ರೆಗೆ ಬಂದವರಿಗೆ ವಿದ್ಯಾನಗರ, ಉಣಕಲ್ ಕಡೆ ಅನುಕೂಲ.

ಬಸ್ಸಿನಲ್ಲಿ ಬರುವವರು ಟಿಕೆಟ್ ಪಡೆಯುವಾಗಲೇ ಬಸ್ಸು ಹುಬ್ಬಳ್ಳಿಯಲ್ಲಿ ಯಾವ ನಿಲ್ದಾಣಕ್ಕೆ ಹೋಗುತ್ತದೆ ಎಂದು ಕೇಳಿಕೊಳ್ಳಿ. ಹಳೆ ಬಸ್ ನಿಲ್ದಾಣ, ಹೊಸೂರು, ಗೋಕುಲ ರಸ್ತೆಯ ಹೊಸ ನಿಲ್ದಾಣ ಬೇರೆ ಬೇರೆ ಜಾಗಗಳು. ಚೆನ್ನಮ್ಮ ಸರ್ಕಲ್ ಮೇಲ್ಸೇತುವೆ ಕಾಮಗಾರಿಯ ಕಾಲದಲ್ಲಿ ಬಸ್ಸುಗಳ ತಾಣ ಬದಲಾದದ್ದೂ ಇದೆ.

ರೈಲಿನಲ್ಲಿ ಬರುವವರಿಗೊಂದು ಸೂಚನೆ. ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ನಿಲ್ದಾಣದ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಇದು ಜಗತ್ತಿನಲ್ಲೇ ಅತಿ ಉದ್ದದ್ದು. ನಿಮ್ಮ ಬೋಗಿ ದೂರದ ತುದಿಯಲ್ಲಿ ನಿಂತರೆ ಹಿರಿಯರನ್ನು ಕರೆದುಕೊಂಡು, ಚೀಲಗಳನ್ನು ಹೊತ್ತುಕೊಂಡು ಒಂದು ಕಿಲೋಮೀಟರಿನಷ್ಟು ನಡೆಯಬೇಕಾಗಬಹುದು. ಗದಗ ರಸ್ತೆಯ ಕಡೆಗೂ ನಿಲ್ದಾಣಕ್ಕೆ ಪ್ರವೇಶದ್ವಾರವಿದೆ. ನಿಮ್ಮ ಲಾಡ್ಜ್ ಯಾವ ದ್ವಾರಕ್ಕೆ ಹತ್ತಿರ ಎಂದು ಫೋನಿನಲ್ಲಿ ಕೇಳಿದರೆ ಸುಮ್ಮನೆ ಸುತ್ತುವುದು ತಪ್ಪುತ್ತದೆ.

ಧಾರವಾಡದಲ್ಲಿ ಜುಬಿಲಿ ಸರ್ಕಲ್, ಸುಭಾಸ್ ರಸ್ತೆ, ಹಳೆ ಬಸ್ ನಿಲ್ದಾಣದ ಸುತ್ತ, ಪಿ.ಬಿ. ರಸ್ತೆಯ ಉದ್ದಕ್ಕೂ ಲಾಡ್ಜುಗಳಿವೆ. ಹುಬ್ಬಳ್ಳಿಯಷ್ಟು ಸಂಖ್ಯೆಯಲ್ಲಿಲ್ಲ, ಆದರೆ ಗದ್ದಲ ಕಡಿಮೆ. ರೈಲು ನಿಲ್ದಾಣ ಪೇಟೆಯಿಂದ ಸ್ವಲ್ಪ ದೂರವಿದೆ. ಪರೀಕ್ಷೆಗೆ ಬರುವ ಅಭ್ಯರ್ಥಿಗಳು ಸಪ್ತಾಪುರ ಭಾಗವನ್ನು ಮರೆಯಬಾರದು. ಸ್ಪರ್ಧಾತ್ಮಕ ಪರೀಕ್ಷೆಯ ತರಬೇತಿ ಕೇಂದ್ರಗಳೂ ಪಿಜಿಗಳೂ ತುಂಬಿರುವ ಬಡಾವಣೆ ಅದು. ಅಲ್ಲಿ ಓದುತ್ತಿರುವ ಊರಿನ ಗೆಳೆಯರಿದ್ದರೆ, ಅವರ ಪಿಜಿಯಲ್ಲಿ ಮಾಲೀಕರ ಒಪ್ಪಿಗೆ ಪಡೆದು ಒಂದು ರಾತ್ರಿ ಉಳಿಯಲು ಆಗುತ್ತದೆಯೇ ಎಂದು ವಿಚಾರಿಸಿ.

ಸ್ವಂತ ಕಾರಿನಲ್ಲಿ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹೋಗುವವರಿಗೆ ಗಬ್ಬೂರಿನಿಂದ ನರೇಂದ್ರದವರೆಗಿನ ಬೈಪಾಸ್ ಇದೆ. ಅಪಘಾತಗಳಿಂದ ಹಲವು ಮನೆಗಳ ದೀಪ ಆರಿಸಿದ ರಸ್ತೆ ಅದು. ಕಣ್ಣು ಎಳೆಯುತ್ತಿದ್ದರೆ ‘ಇನ್ನೇನು ಬೆಳಗಾವಿ ಬಂತು’ ಎಂದು ಮುಂದುವರಿಯಬೇಡಿ. ಊರೊಳಗಿನ ಪಿ.ಬಿ. ರಸ್ತೆಗೆ ಹೊರಳಿ, ಪಾರ್ಕಿಂಗ್ ಇರುವ ಲಾಡ್ಜ್ ಹಿಡಿದು ಮಲಗಿ. ಜೀವಕ್ಕಿಂತ ಕೋಣೆಯ ಬಾಡಿಗೆ ದೊಡ್ಡದಲ್ಲ.

ಲಾಡ್ಜ್ ಬಿಟ್ಟು ಬೇರೆ ದಾರಿಗಳು

ರೈಲು ಬದಲಿಸಲು ಕೆಲವೇ ತಾಸು ಇರುವವರು ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು, ಅಂದರೆ ರಿಟೈರಿಂಗ್ ರೂಮ್ ಅನ್ನು ಮೊದಲು ನೋಡಬೇಕು. ಕನ್ಫರ್ಮ್ ಅಥವಾ ಆರ್‌ಎಸಿ ಟಿಕೆಟ್ಟಿನ ಪಿಎನ್ಆರ್ ಇದ್ದರೆ ಐಆರ್‌ಸಿಟಿಸಿಯ ಜಾಲತಾಣದಲ್ಲಿ ಕಾಯ್ದಿರಿಸಬಹುದು. ಕೋಣೆಗಳು ಕಡಿಮೆ, ಬೇಡಿಕೆ ಹೆಚ್ಚು. ಆದ್ದರಿಂದ ಟಿಕೆಟ್ ಕೈಗೆ ಬಂದ ದಿನವೇ ಪ್ರಯತ್ನಿಸಿ.

ಹಳೇ ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಭಕ್ತರಿಗೆ ದಾಸೋಹವಿದೆ, ತಂಗಲು ವ್ಯವಸ್ಥೆಯೂ ಇದೆ. ಮಠದ ಕಚೇರಿಗೆ ಮೊದಲೇ ಫೋನ್ ಮಾಡಿ ಕೋಣೆ ಇದೆಯೇ, ಯಾರಿಗೆ ಕೊಡುತ್ತಾರೆ, ಗೇಟು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಕೇಳಿ. ಅದು ಮಠ ಎಂಬ ಅರಿವು ಇಟ್ಟುಕೊಂಡು, ಅಲ್ಲಿನ ನೇಮ ಪಾಲಿಸಿ ಇರುವವರಿಗೆ ಅದರಂಥ ನೆಮ್ಮದಿಯ ಜಾಗ ಇನ್ನೊಂದಿಲ್ಲ.

ಸರ್ಕಾರಿ ನೌಕರರು ಕೆಲಸದ ಮೇಲೆ ಬರುವುದಾದರೆ ಪ್ರವಾಸಿ ಮಂದಿರಕ್ಕೆ ಕಚೇರಿಯ ಮೂಲಕ ಪತ್ರ ಬರೆಸಬಹುದು. ವಿಶ್ವವಿದ್ಯಾಲಯದ ಸಂದರ್ಶನ, ಮೌಖಿಕ ಪರೀಕ್ಷೆಗೆ ಬರುವವರು ಅತಿಥಿಗೃಹದ ಬಗ್ಗೆ ಸಂಬಂಧಪಟ್ಟ ವಿಭಾಗದಲ್ಲೇ ವಿಚಾರಿಸಬೇಕು. ರೋಗಿಯ ಜೊತೆ ಬಂದವರು ಆಸ್ಪತ್ರೆಯ ವಿಚಾರಣಾ ಕೌಂಟರಿನಲ್ಲಿ ಒಂದು ಮಾತು ಕೇಳಲಿ: ‘ಪೇಷಂಟ್ ಕಡೆಯವರಿಗೆ ಉಳಿಯಾಕ ಏನರ ವ್ಯವಸ್ಥಾ ಐತೇನ್ರಿ?’ ಕೇಳಲು ಸಂಕೋಚಪಟ್ಟು ವರಾಂಡದ ನೆಲದ ಮೇಲೆ ರಾತ್ರಿ ಕಳೆಯುವವರು ಬಹಳ. ಕೇಳುವುದರಲ್ಲಿ ಯಾವ ನಾಚಿಕೆಯೂ ಇಲ್ಲ.

ಫೋನಿನಲ್ಲಿ ಕೇಳಬೇಕಾದದ್ದು

ಆ್ಯಪ್‌ಗಳಲ್ಲಿ ದರ ನೋಡಿ, ಆದರೆ ಲಾಡ್ಜಿಗೂ ನೇರವಾಗಿ ಫೋನ್ ಮಾಡಿ. ಆ್ಯಪ್‌ನಲ್ಲಿ ಬುಕ್ ಆದ ಕೋಣೆ ಕೌಂಟರಿನಲ್ಲಿ ‘ಇಲ್ಲ’ ಎನ್ನಿಸಿಕೊಳ್ಳುವ ಕಿರಿಕಿರಿ ತಪ್ಪಿಸಲು ಈ ಒಂದು ಕರೆ ಸಾಕು. ನೇರ ದರ ಕಡಿಮೆಯೂ ಇರಬಹುದು. ಚಿತ್ರಗಳು ಹಳೆಯವಿರುತ್ತವೆ. ಇತ್ತೀಚಿನ ಕೆಲವು ತಿಂಗಳಲ್ಲಿ ತಂಗಿದವರು ಬರೆದ ಅಭಿಪ್ರಾಯವನ್ನೇ ಓದಿ. ಅದರಲ್ಲೂ ನೀರು, ಹಾಸಿಗೆ, ಸಿಬ್ಬಂದಿಯ ನಡತೆ ಈ ಮೂರರ ಬಗ್ಗೆ ಏನು ಬರೆದಿದ್ದಾರೆಂದು ಗಮನಿಸಿ.

ಸಂಭಾಷಣೆ ಹೆಚ್ಚೇನೂ ಬೇಕಿಲ್ಲ, ಇಷ್ಟು ಸಾಕು:

‘ಇವತ್ತ ರಾತ್ರಿಗೆ ಡಬಲ್ ರೂಮ್ ಖಾಲಿ ಐತೇನ್ರಿ?’

‘ಐತ್ರಿ. ಎಷ್ಟ ಮಂದಿ ಅದೀರಿ?’

‘ನಾನು, ನಮ್ಮ ಅವ್ವ. ಜಿಎಸ್‌ಟಿ ಎಲ್ಲಾ ಸೇರಿ ಎಷ್ಟಾಗ್ತದ್ರಿ?’

‘ಬಿಸಿನೀರ ಮುಂಜಾನೆ ಎಷ್ಟಕ್ಕ ಬರ್ತಾವ್ರಿ? ಲಿಫ್ಟ್ ಐತೇನು? ಖಾಲಿ ಮಾಡೂದು ಎಷ್ಟೊತ್ತಿಗೆ?’

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಮುಖ್ಯ. ಕೆಲವು ಲಾಡ್ಜುಗಳಲ್ಲಿ ‘ಇಪ್ಪತ್ನಾಕ ತಾಸು’ ಪದ್ಧತಿ. ಬಂದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ ಒಂದು ದಿನದ ಬಾಡಿಗೆ. ಇನ್ನು ಕೆಲವೆಡೆ ಮಧ್ಯಾಹ್ನ 12ಕ್ಕೆ ಖಾಲಿ ಮಾಡಬೇಕು, ನೀವು ಎಷ್ಟು ಹೊತ್ತಿಗೆ ಬಂದಿದ್ದರೂ ಸರಿ. ಬೆಂಗಳೂರಿನ ರಾತ್ರಿ ಬಸ್ಸಿನಲ್ಲಿ ಬೆಳಿಗ್ಗೆ ಐದಕ್ಕೆ ಇಳಿದವರು 12 ಗಂಟೆಯ ಪದ್ಧತಿಯ ಲಾಡ್ಜ್ ಹೊಕ್ಕರೆ ಏಳು ತಾಸಿಗೆ ಪೂರ್ತಿ ದಿನದ ಬಾಡಿಗೆ ತೆರಬೇಕಾಗುತ್ತದೆ. ಸ್ನಾನ ಮಾಡಿ ಬಟ್ಟೆ ಬದಲಿಸಿದರೆ ಸಾಕು ಎನ್ನುವವರು ‘ಫ್ರೆಶಪ್‌ಗೆ ಎರಡು ತಾಸು ರೂಮ್ ಕೊಡ್ತೀರಾ?’ ಎಂದು ಕೇಳಿ ನೋಡಬೇಕು.

ಮುಂಗಡ ಕಳಿಸುವಾಗ ಎಚ್ಚರ. ಇಂಟರ್‌ನೆಟ್‌ನಲ್ಲಿ ಹೋಟೆಲಿನ ಹೆಸರಿನಡಿ ನಕಲಿ ನಂಬರ್ ಹಾಕಿ ಹಣ ಕೀಳುವವರಿದ್ದಾರೆ. ಪೂರ್ತಿ ಬಾಡಿಗೆ ಮೊದಲೇ ಹಾಕಿ ಎಂದು ಅವಸರ ಮಾಡಿದರೆ, ಒಟಿಪಿ ಕೇಳಿದರೆ, ಯಾವುದೋ ಲಿಂಕ್ ಒತ್ತಲು ಹೇಳಿದರೆ ಫೋನ್ ಇಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ದುಡ್ಡು ಕೊಡುವ ಮುನ್ನ ಕೋಣೆ ನೋಡಿ

‘ಮೊದ್ಲ ರೂಮ್ ತೋರಸ್ರಿ’ ಎಂದರೆ ಒಳ್ಳೆಯ ಮ್ಯಾನೇಜರ್ ಬೇಸರ ಮಾಡಿಕೊಳ್ಳುವುದಿಲ್ಲ, ಹುಡುಗನ ಕೈಯಲ್ಲಿ ಕೀಲಿ ಕೊಟ್ಟು ಕಳಿಸುತ್ತಾನೆ. ತೋರಿಸಲು ಒಪ್ಪದ ಕಡೆ ನಿಲ್ಲಬೇಡಿ.

ಒಳಗೆ ಹೋದಾಗ ಲೈಟು, ಟಿವಿ ನೋಡುವುದು ಆಮೇಲಿರಲಿ. ಮೊದಲು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ. ಹುಬ್ಬಳ್ಳಿ–ಧಾರವಾಡದಲ್ಲಿ ಇದು ಬರೀ ಶಾಸ್ತ್ರಕ್ಕೆ ಮಾಡುವ ಕೆಲಸವಲ್ಲ. ಸವದತ್ತಿ ಬಳಿಯ ಮಲಪ್ರಭಾ ಜಲಾಶಯದಿಂದಲೂ ನೀರಸಾಗರದಿಂದಲೂ ಈ ನಗರಕ್ಕೆ ನೀರು ಬರಬೇಕು. 2008ರಲ್ಲಿ ಕೆಲವು ವಾರ್ಡುಗಳಲ್ಲಿ ದಿನವಿಡೀ ನೀರು ಕೊಡುವ ಯೋಜನೆ ಯಶಸ್ವಿಯಾದರೂ, ಇಡೀ ನಗರಕ್ಕೆ ಅದು ಹಬ್ಬುವುದು ತಡವಾಯಿತು. ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವುದು ಇಲ್ಲಿನ ಮನೆಗಳಿಗೆ ಹೊಸದಲ್ಲ. ಹಾಗಾಗಿ ಲಾಡ್ಜುಗಳು ಬೋರ್‌ವೆಲ್, ಟ್ಯಾಂಕರ್ ನೆಚ್ಚಿಕೊಂಡಿರುತ್ತವೆ. ಬೇಸಿಗೆಯಲ್ಲಿ ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಸಣ್ಣಗೆ ಬಂದರೆ ಬೇರೆ ಕೋಣೆ ಕೇಳಿ. ಕುಡಿಯಲು ಫಿಲ್ಟರ್ ನೀರು ಎಲ್ಲಿದೆ ಎಂದೂ ಕೇಳಿ. ಮನೆಯಿಂದ ತಂದ ಬಾಟಲಿ ತುಂಬಿಸಿಕೊಂಡರೆ ನೀರಿನ ಖರ್ಚೂ ಉಳಿಯುತ್ತದೆ.

ಆಮೇಲೆ ಹಾಸಿಗೆ. ದಿಂಬು ಎತ್ತಿ ಕೆಳಗೆ ನೋಡಿ. ಚಾದರ ಸರಿಸಿ ಗಾದಿಯ ಅಂಚಿನ ಹೊಲಿಗೆಯನ್ನು ಮೊಬೈಲ್ ಬೆಳಕಿನಲ್ಲಿ ಪರೀಕ್ಷಿಸಿ. ತಿಗಣೆ ಇದ್ದರೆ ಕಪ್ಪು ಚುಕ್ಕೆಗಳು ಆ ಹೊಲಿಗೆಯಲ್ಲೇ ಕಾಣುತ್ತವೆ. ಚಾದರ ಮಾಸಿದ್ದರೆ ನಿಮ್ಮ ಕಣ್ಣೆದುರೇ ಬದಲಿಸಲು ಹೇಳಿ. ಬಾಗಿಲಿನ ಒಳಚಿಲಕ ಹಾಕಿ ತೆಗೆದು ನೋಡಿ. ಕಿಟಕಿ ಮುಚ್ಚುತ್ತದೆಯೇ, ಜಾಳಿಗೆ ಹರಿದಿದೆಯೇ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಗೋಡೆಯ ಮುಗ್ಗು ವಾಸನೆ, ಸೊಳ್ಳೆ ಎರಡೂ ಕಾಡುತ್ತವೆ. ಆ ದಿನಗಳಲ್ಲಿ ಎಸಿಗೆ ಹೆಚ್ಚು ಕೊಡುವ ಅಗತ್ಯವಿಲ್ಲ, ಒಣಗಿದ ಕೋಣೆ ಮುಖ್ಯ. ಏಪ್ರಿಲ್–ಮೇ ತಿಂಗಳ ಹುಬ್ಬಳ್ಳಿಯಲ್ಲಿ ತಾರಸಿಯ ಕೆಳಗಿನ ಕೋಣೆ ಬೇಡವೆನ್ನಿ. ಹಗಲೆಲ್ಲ ಕಾದ ಛಾವಣಿ ರಾತ್ರಿ ಒಳಗೆ ಬಿಸಿ ಕಾರುತ್ತದೆ.

ಸೋಲಾರ್ ಬಿಸಿನೀರು ಮೋಡದ ದಿನ ಕೈಕೊಡಬಹುದು. ಬೇರೆ ಏರ್ಪಾಡು ಇದೆಯೇ ಎಂದು ಕೇಳಿಟ್ಟುಕೊಂಡರೆ ಪರೀಕ್ಷೆಯ ದಿನ ಬೆಳಿಗ್ಗೆ ಪೇಚಾಟ ಇರುವುದಿಲ್ಲ.

ಬಿಲ್ಲು ಮತ್ತು ಗುರುತಿನ ಚೀಟಿ

ದಿನಕ್ಕೆ 7,500 ರೂಪಾಯಿವರೆಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದಕ್ಕೆ ಮುಂಚೆ ಶೇ 12 ಇತ್ತು. ಅಂದರೆ 900 ರೂಪಾಯಿ ಕೋಣೆಗೆ 45 ರೂಪಾಯಿ ತೆರಿಗೆ, ಒಟ್ಟು 945. ಇನ್ನೂ ಶೇ 12 ಹಾಕಿದರೆ ವಿನಯದಿಂದಲೇ ಕೇಳಿ. ತೆರಿಗೆ ಹಾಕಿದ ಬಿಲ್ಲಿನ ಮೇಲೆ ಜಿಎಸ್‌ಟಿ ನಂಬರ್ ಇರಲೇಬೇಕು. ಅದು 15 ಅಕ್ಷರಗಳದ್ದು, ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ. ನೋಂದಣಿಯಿಲ್ಲದ ಸಣ್ಣ ಲಾಡ್ಜ್ ನಿಮ್ಮಿಂದ ಜಿಎಸ್‌ಟಿ ವಸೂಲಿ ಮಾಡುವಂತಿಲ್ಲ. ಕಚೇರಿಯಿಂದ ಪ್ರಯಾಣ ಭತ್ಯೆ ಪಡೆಯುವವರು ಬಿಲ್ಲಿನಲ್ಲಿ ಹೆಸರು, ದಿನಾಂಕ ಸರಿ ಬರೆಸಿಕೊಳ್ಳಬೇಕು. ಡೆಪಾಸಿಟ್ ಕೊಟ್ಟಿದ್ದರೆ ಅದಕ್ಕೂ ರಸೀದಿ ಇರಲಿ. ಮೋಸವಾಯಿತು, ಕೇಳಿದರೂ ಪರಿಹಾರ ಸಿಗಲಿಲ್ಲ ಎಂದಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ತಂಗುವ ವಯಸ್ಕರೆಲ್ಲರೂ ಮೂಲ ಗುರುತಿನ ಚೀಟಿ ತನ್ನಿ. ‘ಅಪ್ಪಾಜಿಯದು ಮನೆಯಲ್ಲೇ ಉಳಿಯಿತು’ ಎಂದರೆ ರಾತ್ರಿ ಹೊತ್ತಲ್ಲಿ ಕೋಣೆ ಸಿಗುವುದು ಕಷ್ಟ. ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್ ಇದ್ದರೆ ಅದನ್ನೇ ಕೊಡಿ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕೇ ಎಂದು ಕೇಳಿ. ಝೆರಾಕ್ಸ್ ಮೇಲೆ ದಿನಾಂಕ ಮತ್ತು ‘ಲಾಡ್ಜ್ ವಾಸ್ತವ್ಯಕ್ಕೆ ಮಾತ್ರ’ ಎಂದು ಬರೆದು ಸಹಿ ಮಾಡುವುದು ಒಳ್ಳೆಯ ಅಭ್ಯಾಸ.

ಒಬ್ಬರೇ ಬರುವ ಹೆಣ್ಣುಮಕ್ಕಳು, ಹಿರಿಯರು

ಪರೀಕ್ಷೆಗೆಂದು ಒಬ್ಬರೇ ಬರುವ ಯುವತಿಯರ ಸಂಖ್ಯೆ ಸಣ್ಣದಲ್ಲ. ಸಾಧ್ಯವಾದರೆ ಬೆಳಕಿರುವಾಗಲೇ ತಲುಪಿ. ಕುಟುಂಬಗಳು ಉಳಿಯುವ, ಕೌಂಟರಿನಲ್ಲಿ ರಾತ್ರಿಯಿಡೀ ಜನರಿರುವ, ಮುಖ್ಯ ರಸ್ತೆಗೆ ಬಾಗಿಲಿರುವ ಲಾಡ್ಜ್ ಆರಿಸಿ. ಕೆಳಗಡೆ ಬಾರ್ ಇರುವ ಕಟ್ಟಡ ಬೇಡ. ಕೋಣೆ ನಂಬರನ್ನು ಕೌಂಟರಿನಲ್ಲಿ ಜೋರಾಗಿ ಹೇಳಿದರೆ ಬೇರೆ ಕೋಣೆ ಕೇಳುವುದು ತಪ್ಪಲ್ಲ. ಲಾಡ್ಜಿನ ಹೆಸರು, ಕೋಣೆ ಸಂಖ್ಯೆ, ಲೊಕೇಶನ್ ಮನೆಯವರಿಗೆ ಕಳಿಸಿ. ಅಪಾಯ ಅನಿಸಿದರೆ 112ಕ್ಕೆ ಕರೆ ಮಾಡಿ.

ಹಿರಿಯರಿಗೆ, ಶಸ್ತ್ರಚಿಕಿತ್ಸೆಯಾದವರಿಗೆ ನೆಲಮಹಡಿಯ ಕೋಣೆ, ಕಮೋಡ್ ಇರುವ ಶೌಚಾಲಯ ಬೇಕೆಂದು ಫೋನಿನಲ್ಲೇ ಹೇಳಿ. ಹಳೆಯ ಲಾಡ್ಜುಗಳಲ್ಲಿ ಲಿಫ್ಟ್ ಇಲ್ಲದಿರುವುದು ಸಾಮಾನ್ಯ. ಜಿಲ್ಲೆ ದಾಟಿ ಬಂದು, ಡಾಕ್ಟರ ಮುಂದೆ ತಾಸುಗಟ್ಟಲೆ ಕೂತ ಜೀವವನ್ನು ಮೂರು ಮಹಡಿ ಹತ್ತಿಸುವುದು ಅವರಿಗೆ ಇನ್ನೊಂದು ಶಿಕ್ಷೆ.

ಕೋಣೆ ಸಿಗದ ದಿನಗಳು

ಮಹಾಶಿವರಾತ್ರಿಯ ಸುಮಾರಿಗೆ ಸಿದ್ಧಾರೂಢರ ಜಾತ್ರೆ, ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ನಡೆಯುವ ಧಾರವಾಡದ ಕೃಷಿ ಮೇಳ, ಗಣೇಶೋತ್ಸವದ ದಿನಗಳು, ಮದುವೆಯ ಮುಹೂರ್ತಗಳು, ದೊಡ್ಡ ನೇಮಕಾತಿ ಪರೀಕ್ಷೆಗಳ ಹಿಂದಿನ ರಾತ್ರಿ ಕೋಣೆಗಳು ಬೇಗ ತುಂಬುತ್ತವೆ, ದರವೂ ಏರುತ್ತದೆ. ಹಾಲ್ ಟಿಕೆಟ್ ಬಂದ ದಿನವೇ ಕೋಣೆ ಕಾಯ್ದಿರಿಸಿ. ಒಂದು ಊರು ತುಂಬಿದ್ದರೆ ಇನ್ನೊಂದನ್ನು ನೋಡಿ. ಚಿಗರಿ ದಾರಿಯ ಹತ್ತಿರ ಕೋಣೆ ಸಿಕ್ಕರೆ 20 ಕಿಲೋಮೀಟರ್ ಭಾರವಲ್ಲ.

ಊಟಕ್ಕೆ ಲಾಡ್ಜಿನ ರೂಮ್ ಸರ್ವಿಸ್ ನೆಚ್ಚಬೇಡಿ. ಬೀದಿ ದಾಟಿದರೆ ಖಾನಾವಳಿ ಸಿಗುತ್ತದೆ. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಝುಣಕ, ಶೇಂಗಾ ಹಿಂಡಿ, ಮೊಸರು. ಮಾಂಸದೂಟ ಬಯಸುವವರಿಗೆ ಸಾವಜಿ ಖಾನಾವಳಿಗಳಿವೆ. ಅಲ್ಲಿನ ಖಾರಕ್ಕೆ ಒಗ್ಗದವರು, ಮರುದಿನ ಪರೀಕ್ಷೆ ಇರುವವರು ಆ ರಾತ್ರಿ ರೊಟ್ಟಿ–ಮೊಸರಿಗೇ ನಿಲ್ಲುವುದು ಲೇಸು.

ನಂಬರ್ ಉಳಿಸಿಕೊಳ್ಳಿ, ಹಂಚಿಕೊಳ್ಳಿ

ಸ್ವಚ್ಛ ಕೋಣೆ, ನೇರ ಮಾತು, ಸರಿಯಾದ ಬಿಲ್ಲು ಕೊಟ್ಟ ಲಾಡ್ಜ್ ಸಿಕ್ಕರೆ ಖಾಲಿ ಮಾಡುವಾಗ ಮ್ಯಾನೇಜರಿಗೆ ಒಂದು ಒಳ್ಳೆಯ ಮಾತು ಹೇಳಿ, ನಂಬರ್ ಉಳಿಸಿಕೊಳ್ಳಿ. ಮುಂದಿನ ಸಲ ‘ಹೋದ ತಿಂಗಳ ಬಂದಿದ್ವಿ’ ಎಂದರೆ ಕೋಣೆಯೂ ಬೇಗ ಸಿಗುತ್ತದೆ, ದರದಲ್ಲೂ ಗೌರವ ಇರುತ್ತದೆ. ಊರಿಗೆ ಹೋದ ಮೇಲೆ ಆ ನಂಬರನ್ನು ನಿಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ: ಕಿಮ್ಸ್‌ಗೆ ಎಷ್ಟು ದೂರ, ಬಾಡಿಗೆ ಎಷ್ಟು, ಬಿಸಿನೀರು ಎಷ್ಟು ಹೊತ್ತಿಗೆ, ಮೆಟ್ಟಿಲು ಎಷ್ಟು ಎಂಬ ನಾಲ್ಕು ಸಾಲಿನೊಂದಿಗೆ. ದೊಡ್ಡ ಹೋಟೆಲುಗಳಿಗೆ ಜಾಹೀರಾತು ಇದೆ. ಪ್ರಾಮಾಣಿಕವಾಗಿ ನಡೆಯುವ ಸಣ್ಣ ಲಾಡ್ಜಿಗೆ ಇರುವುದು ಬಾಯಿಮಾತೊಂದೇ. ಅದು ಬದುಕಿದರೆ, ನಾಳೆ ನಿಮ್ಮೂರಿನಿಂದ ರೋಗಿಯನ್ನು ಕರೆದುಕೊಂಡು ಹೊರಡುವ ಇನ್ನೊಂದು ಮನೆಗೆ ರಾತ್ರಿ ಎಲ್ಲಿ ಮಲಗಬೇಕೆಂಬ ಚಿಂತೆಯೊಂದು ಕಡಿಮೆಯಾಗುತ್ತದೆ.